ಪಾರ್ಟಿಷನ್ ಟೈಪ್‌ಗೆ ಎನಮ್ ಸಾಕೇ, ಕ್ಲಾಸ್ ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಸಿ++ನಲ್ಲಿ ಡಿಸ್ಕ್ ಪಾರ್ಟಿಷನ್ ಮಾಡುವ ಟೂಲ್ ಬರೆಯುತ್ತಿದ್ದೀರಿ, ಎಂಬಿಆರ್, ಜಿಪಿಟಿ (ಡಿಸ್ಕಿನ ಯಾವ ಭಾಗ ಎಲ್ಲಿದೆ ಅಂತ ಬರೆದಿಡುವ ಹಳೆಯ, ಹೊಸ ಪದ್ಧತಿಗಳು) ಎರಡೂ ಬೇಕು, ಪಾರ್ಟಿಷನ್ ಯಾತಕ್ಕೆ ಅಂತ ಹೇಳುವ ಟೈಪನ್ನು ಎನಮ್‌ನಲ್ಲಿ (ಹೆಸರಿಟ್ಟ ಬೆಲೆಗಳ ಪಟ್ಟಿ) ಇಡಬೇಕೋ, ಒಂದೊಂದು ಟೈಪ್‌ಗೂ ಒಂದೊಂದು ಕ್ಲಾಸ್ ಮಾಡಬೇಕೋ?

ಎರಡೂ ಬೇಡ. ಕ್ಲಾಸ್ ಯಾಕೆ ಬೇಡ ಅನ್ನೋದು ಸುಲಭ: ಟೈಪ್‌ಗೆ ತನ್ನದೇ ಆದ ನಡವಳಿಕೆ ಏನೂ ಇಲ್ಲ, ಅದು ಬರೀ ಒಂದು ಚೀಟಿ. ಎನಮ್ ಯಾಕೆ ಬೇಡ ಅನ್ನೋದನ್ನು ನಾನು ಪೆಟ್ಟು ತಿಂದು ಕಲಿತೆ.

ಕಾಲೇಜು ಮುಗಿದ ಹೊಸತರಲ್ಲಿ ಇಂಥದ್ದೇ ಟೂಲ್ ಬರೆದಿದ್ದೆ. ಗೊತ್ತಿದ್ದ ಹತ್ತು-ಹನ್ನೊಂದು ಟೈಪ್‌ಗಳು ಎನಮ್‌ನಲ್ಲಿ, ಮಿಕ್ಕಿದ್ದಕ್ಕೆಲ್ಲ 'ಗೊತ್ತಿಲ್ಲ' ಅಂತ ಒಂದು ಬೆಲೆ. ಅದನ್ನೇ ಮೊದಲಿಗೆ ಬರೆದಿದ್ದರಿಂದ ಅದರ ಬೆಲೆ ಸೊನ್ನೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ರಿಕವರಿಯ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) 27 ಟೈಪಿನ ಪಾರ್ಟಿಷನ್ ಒಂದಿತ್ತು. ನಾನು ಬದಲಿಸಿದ್ದು ಅದನ್ನಲ್ಲ, ಪಕ್ಕದ್ದನ್ನು. ಆದರೆ ಎಂಬಿಆರ್‌ನ ನಾಲ್ಕೂ ಎಂಟ್ರಿಗಳು ಒಂದೇ ಸೆಕ್ಟರಿನಲ್ಲಿ (ಡಿಸ್ಕಿನ 512 ಬೈಟಿನ ತುಂಡು) ಇರುತ್ತವಲ್ಲ, ಟೇಬಲ್ ಇಡೀ ಮತ್ತೆ ಬರೆಸಿದೆ. ಓದುವಾಗ 27 ಹೋಗಿ 'ಗೊತ್ತಿಲ್ಲ' ಆಯಿತು; ಬರೆಯುವಾಗ 'ಗೊತ್ತಿಲ್ಲ' ಹೋಗಿ 00 ಆಯಿತು. ಎಂಬಿಆರ್‌ನಲ್ಲಿ ಟೈಪ್ 00 ಅಂದರೆ ಖಾಲಿ ಎಂಟ್ರಿ. ರಿಕವರಿ ಪಾರ್ಟಿಷನ್ ಮಂಗಮಾಯ! ಶುರುವಿನ ಸೆಕ್ಟರ್, ಉದ್ದ ಎರಡೂ ಹಾಗೇ ಉಳಿದಿದ್ದವು, ಹೆಕ್ಸ್ ಎಡಿಟರಿನಲ್ಲಿ ಆ ಒಂದು ಬೈಟನ್ನು 27 ಮಾಡಿದ ಮೇಲೆ ವಾಪಸ್ ಬಂತು. ಅದು ಗೊತ್ತಾಗುವ ಹೊತ್ತಿಗೆ ರಾತ್ರಿ ಎರಡು ಗಂಟೆ.

ಹಾಗಾಗಿ ಡಿಸ್ಕಿನಲ್ಲಿ ಏನಿತ್ತೋ ಆ ಬೈಟುಗಳನ್ನೇ ಇಟ್ಟುಕೊಳ್ಳಿ. ಎಂಬಿಆರ್‌ನಲ್ಲಿ ಟೈಪ್ ಅಂದರೆ 16 ಬೈಟಿನ ಎಂಟ್ರಿಯೊಳಗೆ 1 ಬೈಟ್. ಜಿಪಿಟಿಯಲ್ಲಿ 16 ಬೈಟಿನ ಜಿಯುಐಡಿ, ಅಂದರೆ ಬೇರೆಲ್ಲೂ ಬಾರದಂತೆ ಮಾಡಿದ ಗುರುತಿನ ಸಂಖ್ಯೆ. ಮುಂದೆ ಹಳೆಯ ಆಪಲ್ ಪಾರ್ಟಿಷನ್ ಮ್ಯಾಪ್ ಸೇರಿಸಿದರೆ ಅಲ್ಲಿ 32 ಬೈಟಿನ ಅಕ್ಷರಸಾಲು. ಇದು ಯಾವ ಪದ್ಧತಿ ಅನ್ನೋ ಒಂದು ಟ್ಯಾಗ್, ಪಕ್ಕದಲ್ಲಿ ಈ ಮೂರರಲ್ಲಿ ಯಾವುದಾದರೂ ಒಂದನ್ನು ಹಿಡಿಯುವ ಯೂನಿಯನ್ (ಸಿ++ನಲ್ಲಿ ನಿಮಗೆ ವೇರಿಯಂಟ್ ಇದೆ, ಅದನ್ನೇ ಬಳಸಿ). ಹೋಲಿಕೆ ಆಗಬೇಕಾದ್ದು ಬೈಟಿಗೆ ಬೈಟು. ಟೈಪ್ ಅಂದರೆ ಇಷ್ಟೇ.

ಹೆಸರುಗಳು ಬೇರೆ ಟೇಬಲ್‌ನಲ್ಲಿ ಇರಲಿ. ಟೇಬಲ್‌ನಲ್ಲಿ ಸಿಗದ ಟೈಪ್ ಬಂದರೆ ಹೆಕ್ಸ್ ತೋರಿಸಿ, ಅದು ತಪ್ಪಲ್ಲ. ಲಿನಕ್ಸ್‌ನ ಪಾರ್ಟಿಷನ್ ಟೂಲ್ ಎಫ್‌ಡಿಸ್ಕ್ ಹಿಂದಿರುವ ಲೈಬ್ರರಿಯಲ್ಲೂ ಒಂದು ಟೈಪ್‌ಗೆ ಸಂಖ್ಯೆ, ಜಿಯುಐಡಿಯ ಅಕ್ಷರರೂಪ, ಹೆಸರು, ಕೆಲವು ಫ್ಲ್ಯಾಗ್‌ಗಳು ಇವೆ. ಗುರುತು ಸಿಗದ ಟೈಪ್ ಬಂದಾಗ ಹೊಸದೊಂದನ್ನು ಕಟ್ಟಿಕೊಡುವ ಫಂಕ್ಷನ್ ಕೂಡ ಇದೆ. ಓದಿ ನೋಡಿ.

ಇನ್ನು ನಿಮ್ಮ ಎನಮ್. ಅದಕ್ಕೂ ಜಾಗ ಇದೆ, ಆದರೆ 'ಪಾತ್ರ' ಅನ್ನೋ ಹೆಸರಿನಲ್ಲಿ: ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ), ಇಎಫ್ಐ ಸಿಸ್ಟಮ್ (ಬೂಟ್ ಫೈಲ್‌ಗಳ ಜಾಗ), ಎಲ್‌ವಿಎಂ (ಲಿನಕ್ಸ್‌ನ ವಾಲ್ಯೂಮ್ ಮ್ಯಾನೇಜರಿನದು), ಎಕ್ಸ್‌ಟೆಂಡೆಡ್ (ಒಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಇಟ್ಟುಕೊಳ್ಳುವುದು), ಯಾವುದೂ ಅಲ್ಲ. ಇದನ್ನು ಟೇಬಲ್‌ನಿಂದ ಲೆಕ್ಕ ಹಾಕಿ ತೆಗೆಯಿರಿ, ಡಿಸ್ಕಿಗೆ ಎಂದೂ ಬರೆಯಬೇಡಿ. ಎಕ್ಸ್‌ಟೆಂಡೆಡ್‌ಗೆ 05, 0ಎಫ್, 85 ಅಂತ ಮೂರು ಕೋಡ್ ಇವೆ. 05 ಒಂದನ್ನೇ ನೋಡುವ ಕೋಡ್ ಬರೆದರೆ ಯಾರದೋ ಡಿಸ್ಕಿನ ಲಾಜಿಕಲ್ ಪಾರ್ಟಿಷನ್‌ಗಳೆಲ್ಲ ನಿಮ್ಮ ಟೂಲಿಗೆ ಕಾಣುವುದೇ ಇಲ್ಲ.

ಪಾತ್ರಕ್ಕಿಂತಲೂ ಜನ ಹೆಚ್ಚು ಕಲಸಿಬಿಡುವುದು ಟೈಪನ್ನೂ ಫೈಲ್‌ಸಿಸ್ಟಮನ್ನೂ (ಒಳಗೆ ಫೈಲ್‌ಗಳನ್ನು ಜೋಡಿಸಿಡುವ ರೀತಿ). ನಮ್ಮಮ್ಮನ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ ತೆರೆದರೆ ಸಾಸಿವೆ ಇರುತ್ತದೆ. ಲಿನಕ್ಸ್‌ನ 83 ಅಂತ ಬರೆದ ಪಾರ್ಟಿಷನ್ ಒಳಗೆ ಎಕ್ಸ್‌ಟಿ4 ಇರಬಹುದು, ಬಿಟಿಆರ್‌ಎಫ್‌ಎಸ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. 07 ಎನ್‌ಟಿಎಫ್‌ಎಸ್‌ಗೂ ಹೌದು, ಎಕ್ಸ್‌ಫ್ಯಾಟ್‌ಗೂ ಹೌದು. 82 ಲಿನಕ್ಸ್ ಸ್ವಾಪ್, ಹಾಗೆಯೇ ಹಳೆಯ ಸೊಲಾರಿಸ್. ಒಳಗಿನದ್ದನ್ನು ಇಣುಕಿ ನೋಡಿಯೇ ಹೇಳಬೇಕು, ಅದಕ್ಕೆ ಬೇರೆ ಫೀಲ್ಡ್ ಇಡಿ. ಹಾಗಂತ ಚೀಟಿ ಲೆಕ್ಕಕ್ಕಿಲ್ಲ ಅಂತಲ್ಲ. ಲಿನಕ್ಸ್ ಟೂಲ್‌ಗಳು ಒಂದು ಕಾಲದಲ್ಲಿ ಜಿಪಿಟಿಯಲ್ಲಿ ಮೈಕ್ರೋಸಾಫ್ಟ್‌ನ 'ಬೇಸಿಕ್ ಡೇಟಾ' ಜಿಯುಐಡಿಯನ್ನೇ ಹಾಕುತ್ತಿದ್ದವು. ಅಂಥ ಪಾರ್ಟಿಷನ್ ಕಂಡರೆ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತಿತ್ತು. ಲಿನಕ್ಸ್‌ಗೆ ಪ್ರತ್ಯೇಕ ಜಿಯುಐಡಿ ಬಂದದ್ದೇ ಆಮೇಲೆ.

ಜಿಯುಐಡಿಯಲ್ಲಿ ಬೈಟುಗಳ ಸರದಿ ಬಗ್ಗೆ ಹುಷಾರು. ಮೊದಲ ಮೂರು ಭಾಗಗಳು ಡಿಸ್ಕಿನಲ್ಲಿ ತಿರುಗುಮುರುಗು. ಪರೀಕ್ಷೆಗೆ ಲಿನಕ್ಸ್ ಬೂಟ್‌ಲೋಡರ್ ಗ್ರಬ್ ಬಳಸುವ ಬಯಾಸ್ ಬೂಟ್ ಪಾರ್ಟಿಷನ್ ಹಿಡಿಯಿರಿ. ಅದರ ಜಿಯುಐಡಿ 21686148 ಅಂತ ಶುರುವಾಗುತ್ತದೆ, ಡಿಸ್ಕಿನಲ್ಲಿ ಅದೇ 48 61 68 21. ಹದಿನಾರೂ ಬೈಟನ್ನು ಆಸ್ಕಿಯಲ್ಲಿ ಓದಿದರೆ 'ಹಾ! ಐ ಡೋಂಟ್ ನೀಡ್ ಇಎಫ್ಐ' ಅಂತ ಬರುತ್ತದೆ, ಯಾರೋ ತರಲೆ ಬರೆದಿಟ್ಟಿದ್ದಾರೆ. ನಿಮ್ಮ ಕೋಡ್‌ನಲ್ಲಿ ಈ ವಾಕ್ಯ ಎಡವಟ್ಟಾಗಿ ಬಂದರೆ ಸರದಿ ತಪ್ಪಿದೆ.

ಕೊನೆಗೆ, ನಿಜವಾದ ಡಿಸ್ಕ್ ಮುಟ್ಟುವ ಮುಂಚೆ 64 ಇಮೇಜ್ ಫೈಲ್ ಮಾಡಿ, ಒಂದೊಂದರಲ್ಲಿ ನಾಲ್ಕು ಟೈಪ್, ಒಟ್ಟು 256. ಎಂಟ್ರಿಗಳನ್ನು ಓದಿಸಿ, ಏನೂ ಬದಲಿಸದೆ ಬರೆಸಿ, 512 ಬೈಟನ್ನೂ ಹೋಲಿಸಿ. ನನ್ನ ಹಳೆಯ ಕೋಡ್ ಮೊದಲನೇ ಫೈಲಿನ 02ರಲ್ಲೇ ಮುಗ್ಗರಿಸುತ್ತಿತ್ತು. 02 ಅಂದರೆ ಕ್ಸೆನಿಕ್ಸ್, ಮೈಕ್ರೋಸಾಫ್ಟ್‌ನ ಹಳೆಯ ಯುನಿಕ್ಸ್.