ಬೀಗದ ಕೈಗಳೆಲ್ಲ ಒಬ್ಬರ ಬಳಿಯೇ ಇದ್ದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶ್ರೀಮತಿ ಕ. ಅವರು ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ಕಾರಣಕ್ಕೆ. ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ ಅವರದು. ಕೆಲವು ತಿಂಗಳ ಹಿಂದೆ ಕಾಗದ ಪೂರೈಸುವವರ ಹೆಸರಿನಲ್ಲಿ ಒಂದು ಇ-ಮೇಲ್ ಬಂದಿತ್ತು: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣವನ್ನು ಹೊಸ ಖಾತೆಗೆ ತುರ್ತಾಗಿ ಹಾಕಿ.’ ಲೆಕ್ಕಪತ್ರ ನೋಡುವ ಹಿರಿಯ ಗುಮಾಸ್ತರು ಹಾಗೆಯೇ ಮಾಡಿದರು. ನಿಜವಾದ ಪೂರೈಕೆದಾರರು ಬಾಕಿ ಕೇಳಿದಾಗ ವಂಚನೆ ಬಯಲಾಯಿತು.

ಅಂದಿನಿಂದ ಪಾಸ್‌ವರ್ಡ್, ಚೆಕ್ ಪುಸ್ತಕ, ಗೋದಾಮಿನ ಬೀಗದ ಕೈ ಎಲ್ಲವೂ ಮಾಲೀಕರ ಬಳಿಯೇ. “ಇಷ್ಟು ವರ್ಷ ಜೊತೆಗಿದ್ದವರು. ಅವರೇ ಶಾಮೀಲಾಗಿದ್ದರೆ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

“ನೀವು ಜ್ವರದಿಂದ 15 ದಿನ ಮಲಗಿದರೆ ಸಂಬಳ ಹಾಕುವವರು ಯಾರು?” ಎಂದು ಕೇಳಿದೆ. ಉತ್ತರವಿರಲಿಲ್ಲ. ಭದ್ರತೆ ಎಂದುಕೊಂಡು ಅವರು ಮಾಡಿಕೊಂಡದ್ದು ಹೊಸದೊಂದು ಅಪಾಯವನ್ನು.

ಇಂಥ ವಂಚನೆಗೆ ಒಳಗಿನವರ ನೆರವು ಬೇಕೇಬೇಕೆಂದಿಲ್ಲ. ವಂಚಕರು ಯಾರದೋ ಮೇಲ್ ಪೆಟ್ಟಿಗೆಯೊಳಗೆ ನುಸುಳಿ, ಪತ್ರವ್ಯವಹಾರವನ್ನು ಓದಿ, ಅದೇ ಧಾಟಿಯಲ್ಲಿ ಬರೆಯುತ್ತಾರೆ. ಇಲ್ಲವೇ ಒಂದಕ್ಷರ ಮಾತ್ರ ಬೇರೆಯಾದ ವಿಳಾಸ ಬಳಸುತ್ತಾರೆ. ಆದ್ದರಿಂದ ನನ್ನ ಮೊದಲ ಸಲಹೆ ಇದು: ಖಾತೆ ಬದಲಾವಣೆಯನ್ನು ಮೇಲ್ ಆಧಾರದಲ್ಲಿ ಎಂದಿಗೂ ಒಪ್ಪಬೇಡಿ. ನಿಮ್ಮ ಕಡತದಲ್ಲಿರುವ ಪೂರೈಕೆದಾರರ ಹಳೆಯ ಸಂಖ್ಯೆಗೆ ಕರೆ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ಸಂಖ್ಯೆಗೆ ಅಲ್ಲ. ಮೇಲ್ ಖಾತೆಗೆ ಎರಡು ಹಂತದ ದೃಢೀಕರಣವಿರಲಿ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಅದು ಕೇಳಲಿ. ಪಾವತಿಯನ್ನು ಒಬ್ಬರು ನಮೂದಿಸಲಿ, ಇನ್ನೊಬ್ಬರು ಅನುಮೋದಿಸಲಿ.

“ಎರಡನೆಯವರನ್ನು ಇಟ್ಟರೆ ಅನುಮಾನಪಟ್ಟಂತೆ ಆಗುವುದಿಲ್ಲವೇ?” ಎಂದರು. “ಈಗ ನೀವು ಅನುಮಾನಪಡುತ್ತಿರುವುದು ಯಾವ ನಿಯಮವೂ ಇಲ್ಲದಿದ್ದುದರಿಂದಲೇ ಅಲ್ಲವೇ?” ಎಂದೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ, ಹಣ ದುರುಪಯೋಗಪಡಿಸಿ ಜೈಲು ಸೇರಿದವರೊಂದಿಗೆ ಮಾತನಾಡಿ 1953ರಲ್ಲಿ ಒಂದು ವಿವರಣೆ ಕೊಟ್ಟರು: ಯಾರಲ್ಲೂ ಹೇಳಿಕೊಳ್ಳಲಾಗದ ಹಣದ ಸಂಕಟ, ಗುಟ್ಟಾಗಿ ಅದನ್ನು ನೀಗಿಸಿಕೊಳ್ಳುವ ಅವಕಾಶ, ಮಾಡಿದ್ದು ತಪ್ಪಲ್ಲವೆಂಬ ಸಮಜಾಯಿಷಿ. ಎರಡನೆಯದನ್ನು ನಿಯಮದಿಂದ ತಡೆಯಬಹುದು. ಮೊದಲನೆಯದರ ಬಗ್ಗೆ ಮಾಲೀಕರು ಯೋಚಿಸುವುದೇ ಅಪರೂಪ. ಕಷ್ಟ ಬಂದಾಗ ಮುಂಗಡ ಕೇಳಲು ಹೆದರುವ ಜಾಗದಲ್ಲಿ ಎಷ್ಟು ಬೀಗ ಹಾಕಿದರೂ ಸಾಲದು.

ಗುಮಾಸ್ತರೊಂದಿಗೆ ಮಾತನಾಡುವಾಗ ನಾನೂ ಇರಬೇಕೆಂದು ಅವರು ಬಯಸಿದ್ದರು. ನಾನು ಒಪ್ಪಲಿಲ್ಲ, ಮೂರನೆಯವರು ಕುಳಿತರೆ ಅದು ವಿಚಾರಣೆಯಾಗುತ್ತದೆ. ಆರೋಪದಿಂದ ಆರಂಭಿಸದೆ, ಅಂದು ಏನಾಯಿತೆಂದು ಮಾತ್ರ ಕೇಳಿ ಎಂದೆ. ಹಾಗೆ ಕೇಳಿದಾಗ ತಿಳಿಯಿತು: ಆ ಮನುಷ್ಯ, ಕೆಲಸ ಹೋಗುತ್ತದೆಂದು ಹೆದರಿ ಬೇರೆ ಕಡೆ ಅರ್ಜಿ ಹಾಕಿದ್ದರಂತೆ.

ನಂತರ, ಯಾವ ಗಿರಾಕಿಯಿಂದ ಎಷ್ಟು ವರಮಾನ ಎಂದು ಬರೆದು ತರಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಒಬ್ಬರಿಂದಲೇ! ಅವರು ಕೈಬಿಟ್ಟರೆ ಘಟಕ ಉಳಿಯುವುದಿಲ್ಲ. ಆದರೆ ಆ ಯೋಚನೆಗೆ ಇವರು ಒಂದು ರಾತ್ರಿಯೂ ನಿದ್ದೆಗೆಟ್ಟಿರಲಿಲ್ಲ. ಭಯವು ನಾಯಿಯಂತೆ, ಒಮ್ಮೆ ಪೆಟ್ಟು ತಿಂದ ಬಾಗಿಲನ್ನೇ ನೋಡುತ್ತ ಕೂರುತ್ತದೆ.

ಹಾಗೆಯೇ ಅವರ ಗಮನಕ್ಕೆ ಬಾರದ ಇನ್ನೊಂದು ಅಪಾಯವಿತ್ತು: ಘಟಕದ ವಿಮೆಯ ಮೊತ್ತ ಯಂತ್ರಗಳ ಹಳೆಯ ಬೆಲೆಗೆ ನಿಂತಿತ್ತು. ನಿಜವಾದ ಮೌಲ್ಯದ ಅರ್ಧಕ್ಕಷ್ಟೇ ವಿಮೆಯಿದ್ದರೆ, ಭಾಗಶಃ ನಷ್ಟವಾದರೂ ಆ ನಷ್ಟದ ಅರ್ಧದಷ್ಟೇ ಪರಿಹಾರ ಕೊಡುವ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಕಂಪ್ಯೂಟರಿನ ಕಡತಗಳು ಕಳೆದುಹೋಗದಂತೆ 3 ಪ್ರತಿ, 2 ಬಗೆಯ ಶೇಖರಣಾ ಸಾಧನ, 1 ಪ್ರತಿ ಬೇರೆ ಜಾಗದಲ್ಲಿ ಎಂಬ ಪ್ರಸಿದ್ಧ ಸೂತ್ರವನ್ನೂ ಹೇಳಿದೆ. ಪ್ರತಿಯಿಂದ ಕಡತ ಮರಳಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸದಿದ್ದರೆ ಅದೂ ವ್ಯರ್ಥ.

ಪಾವತಿಗೆ ಇಬ್ಬರ ಒಪ್ಪಿಗೆಯ ಕ್ರಮ ಈಗ ನಡೆಯುತ್ತಿದೆ, ಗುಮಾಸ್ತರು ಉಳಿದಿದ್ದಾರೆ. ದೊಡ್ಡ ಗಿರಾಕಿಯ ಪಾಲು ಮಾತ್ರ ಅಷ್ಟೇ ಇದೆ. ಹೊಸಬರನ್ನು ಹುಡುಕಲು ಹಿಂಜರಿಯುವುದೇಕೆ ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತನಾಡಬೇಕಿದೆ.