ಓಟದ ನಡುವೆ ಊಟದ ಮಾತು

ಓದುಗರ ಪತ್ರ (ಸಂಕ್ಷಿಪ್ತ): "ಸಂಪಾದಕರಿಗೆ ನಮಸ್ಕಾರ. ಯೂರೋಸ್ಪೋರ್ಟ್ ವಾಹಿನಿಯಲ್ಲಿ ಸೈಕಲ್ ಸ್ಪರ್ಧೆಗಳ ವೀಕ್ಷಕ ವಿವರಣೆ ನೀಡುತ್ತಿದ್ದ ಡೇವಿಡ್ ಡಫೀಲ್ಡ್ ಅವರನ್ನು ಅಭಿಮಾನಿಗಳು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಕುತೂಹಲದಿಂದ ಹಳೆಯ ಮುದ್ರಿಕೆಗಳನ್ನು ಹುಡುಕಿ ನೋಡಿದೆ. ತೆರೆಯ ಮೇಲೆ ಟೂರ್ ಡಿ ಫ್ರಾನ್ಸ್ ನಡೆಯುತ್ತಿದೆ, ಈ ಮನುಷ್ಯ ಹಿಂದಿನ ರಾತ್ರಿಯ ಊಟವನ್ನೂ ವೈನನ್ನೂ ವರ್ಣಿಸುತ್ತಿದ್ದಾರೆ! ವಾರ್ತೆ ಓದುವವರು ಹೀಗೆ ಮಾಡಿದರೆ ಮರುದಿನ ಕೆಲಸದಲ್ಲಿ ಉಳಿಯುತ್ತಾರೆಯೇ? ಇದನ್ನು ಮೆಚ್ಚುವುದೆಂದರೆ ಅಸಡ್ಡೆಯನ್ನು ಮೆಚ್ಚಿದಂತೆ. ನೀವೂ ಆ ಭಕ್ತಮಂಡಳಿಗೆ ಸೇರಿದವರೇ? ಹೊಸದಾಗಿ ನೋಡಲು ಕೂರುವವರು ಯಾರ ಮಾತು ಕೇಳಬೇಕು, ಅದನ್ನಾದರೂ ತಿಳಿಸಿ."

ಮಾನ್ಯರೇ,

ಭಕ್ತಮಂಡಳಿ ಎಂಬ ಮಾತನ್ನು ನೀವು ಚುಚ್ಚುವುದಕ್ಕೆಂದು ಬಳಸಿದ್ದೀರಿ. ಡಫೀಲ್ಡ್ ಅಭಿಮಾನಿಗಳ ಕಿವಿಗೆ ಬಿದ್ದರೆ ಅದನ್ನು ಬಿರುದೆಂದೇ ಸ್ವೀಕರಿಸಿಯಾರು. ನಿಮ್ಮ ಆಕ್ಷೇಪವೂ ಅವರಿಗೆ ಹೊಸದಲ್ಲ. ಅವರನ್ನು ಅತಿ ಹೆಚ್ಚು ಬೈದವರು ದಿನವೂ ತಪ್ಪದೆ ಕೇಳುತ್ತಿದ್ದವರೇ. "ಈ ಮುದುಕ ಇನ್ನೂ ಆ ಕೋಟೆಯ ಕಥೆ ಮುಗಿಸಿಲ್ಲ" ಎಂದು ಗೊಣಗುತ್ತ, ಧ್ವನಿಯನ್ನು ಮಾತ್ರ ಕಡಿಮೆ ಮಾಡದೆ ಕೂರುತ್ತಿದ್ದ ಜನ. ಇಂಥವರ ಪ್ರೀತಿಯನ್ನು ಅಸಡ್ಡೆಯ ಮೇಲಿನ ಪ್ರೀತಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಮೊದಲಿಗೆ ವಾರ್ತೆಯ ಹೋಲಿಕೆ. ವಾರ್ತೆ ಓದುವವರ ಮುಂದೆ ಹದಿನೈದು ನಿಮಿಷವಿರುತ್ತದೆ, ಸುದ್ದಿ ಅದಕ್ಕಿಂತ ಹೆಚ್ಚಿರುತ್ತದೆ. ಸೈಕಲ್ ಸ್ಪರ್ಧೆಯಲ್ಲಿ ಇದು ತಲೆಕೆಳಗು. ಟೂರ್‌ನ ಸಮತಟ್ಟಾದ ಒಂದು ಹಂತವನ್ನು, ಅಂದರೆ ಒಂದು ದಿನದ ಓಟವನ್ನು, ತೆಗೆದುಕೊಳ್ಳಿ: ಸುಮಾರು 200 ಕಿಲೋಮೀಟರ್ ದೂರ, ನಾಲ್ಕೂವರೆ ಐದು ಗಂಟೆಯ ಸವಾರಿ. ಆರಂಭದಲ್ಲೇ ಮೂರು ನಾಲ್ಕು ಮಂದಿ ಮುಂದೆ ಹೋಗುತ್ತಾರೆ. ಹಿಂದಿನ ದೊಡ್ಡ ಗುಂಪು ಅವರನ್ನು ಹೋಗಲು ಬಿಡುತ್ತದೆ. ಗುಂಪಿನೊಳಗೆ ಇರುವವನಿಗೆ ಮುಂದಿನವರ ಮರೆಯಿಂದಾಗಿ ಗಾಳಿಯ ತಡೆ ಬಹಳ ಕಡಿಮೆ. ಮುಂದೆ ಹೋದವರು ಆ ತಡೆಯನ್ನು ತಾವೇ ಸೀಳಬೇಕು. ಹಾಗಾಗಿ ಯಾವಾಗ ಬೇಕಾದರೂ ಹಿಡಿಯಬಹುದೆಂಬ ಧೈರ್ಯ ಗುಂಪಿಗಿದೆ. ಈ ಲೆಕ್ಕಕ್ಕೆ ಫ್ರಾನ್ಸಿನಲ್ಲಿ ಒಂದು ಸೂತ್ರವೇ ಉಂಟು. ಒಬ್ಬಂಟಿಯಾಗಿ ಮುಂದಿರುವವನು ಗೆಲ್ಲಬೇಕಾದರೆ, ಉಳಿದಿರುವ ಪ್ರತಿ ಹತ್ತು ಕಿಲೋಮೀಟರಿಗೆ ಒಂದು ನಿಮಿಷದ ಅಂತರವಾದರೂ ಅವನ ಕೈಯಲ್ಲಿರಬೇಕು. ಸೂತ್ರಕ್ಕೆ ಹೆಸರು ಕೊಟ್ಟ ರಾಬೆರ್ ಶಪಾಟ್ ಸ್ವತಃ ಟೂರ್‌ನಲ್ಲಿ ಸವಾರಿ ಮಾಡಿ, ಆಮೇಲೆ ದೂರದರ್ಶನದ ವಿವರಣೆಗಾರರಾದವರು. ಅಂದರೆ ಮಧ್ಯಾಹ್ನದ ಬಹುಪಾಲು ಕಥೆ ಗಣಿತಕ್ಕೆ ಸೇರಿದ್ದು. ಕಡೆಯ ಅರ್ಧ ಗಂಟೆಯವರೆಗೆ ಹೇಳಲು ಇರುವುದು ಇಷ್ಟೇ: ಅಂತರ ನಾಲ್ಕು ನಿಮಿಷವಿತ್ತು, ಈಗ ಮೂರೂವರೆ.

ಈ ಮೂರೂವರೆಯನ್ನು ಎಷ್ಟು ಸಲ ಹೇಳಬಹುದು? ಒಂದು ಟೂರ್ ಗೆಲ್ಲುವವನು ಮೂರು ವಾರಗಳಲ್ಲಿ ಸೈಕಲ್ ಮೇಲೆ ಕಳೆಯುವ ಒಟ್ಟು ಸಮಯವೇ ಎಂಬತ್ತು ಗಂಟೆಯ ಆಸುಪಾಸಿನಲ್ಲಿರುತ್ತದೆ. 2017ರಿಂದ ಪ್ರತಿ ಹಂತವನ್ನೂ ಮೊದಲ ಕಿಲೋಮೀಟರಿನಿಂದ ಕಡೆಯವರೆಗೆ ನೇರವಾಗಿ ತೋರಿಸುತ್ತಿದ್ದಾರೆ. ಇಷ್ಟು ಹೊತ್ತು ತುಂಬುವುದಕ್ಕೆ ಉಪಕಥೆಗಳು ಬೇಕೇ ಬೇಕು. ಹೆಲಿಕಾಪ್ಟರಿನ ಕ್ಯಾಮೆರಾ ದ್ರಾಕ್ಷಿ ತೋಟದ ಮೇಲೆ, ಮಠದ ಗೋಪುರದ ಮೇಲೆ, ನದಿಯ ತಿರುವಿನ ಮೇಲೆ ಸುಮ್ಮನೆ ಸುತ್ತುವುದಿಲ್ಲ. ಆ ನಾಡನ್ನು ತೋರಿಸುವುದೂ ಟೂರ್‌ನ ಕೆಲಸವೇ. ಫ್ರೆಂಚ್ ವಾಹಿನಿಯವರು ಇದಕ್ಕೆಂದೇ ಒಬ್ಬರನ್ನು ಕೂರಿಸಿಕೊಂಡಿದ್ದರು. ಜ್ಯಾಂ ಪಾಲ್ ಒಲಿವಿಯೇ ಎಂಬ ಪತ್ರಕರ್ತ ವರ್ಷಗಟ್ಟಲೆ ಕೋಟೆ, ಚರ್ಚು, ಹಳೆಯ ಚಾಂಪಿಯನ್ನರ ಕಥೆಗಳನ್ನು ಹೇಳುತ್ತಿದ್ದರು. ಅವರ ಪಾಂಡಿತ್ಯಕ್ಕೆ ಜನ ಅಡ್ಡಹೆಸರನ್ನೂ ಇಟ್ಟಿದ್ದರು. ಡಫೀಲ್ಡ್ ಮಾಡಿದ್ದು ಅದೇ ಕೆಲಸವನ್ನು. ಟಿಪ್ಪಣಿಯ ಜೊತೆಗೆ ತಮ್ಮ ನಾಲಿಗೆಯ ಅನುಭವವನ್ನೂ ಸೇರಿಸಿದರು, ಅಷ್ಟೆ.

ನೀವು ನೋಡಿದ ತುಣುಕಿನಲ್ಲಿ ಅವರು ಒಬ್ಬ ಸವಾರನನ್ನು ಇನ್ನೊಬ್ಬನೆಂದು ಕರೆದರು ಎಂದೂ ಬರೆದಿದ್ದೀರಿ. ಕರೆದಿರಬಹುದು. ವಿವರಣೆಗಾರರ ಪೆಟ್ಟಿಗೆಯಂಥ ಕೋಣೆಯಿಂದ ರಸ್ತೆ ಕಾಣುವುದಿಲ್ಲ. ಗುರಿಯ ಬಳಿ ಕುಳಿತಿದ್ದರೂ ಅವರು ನೋಡುವುದು ನೀವು ಮನೆಯಲ್ಲಿ ನೋಡುವ ಚಿತ್ರವನ್ನೇ. ಮೋಟಾರ್ ಸೈಕಲಿನ ಮೇಲಿನ ಕ್ಯಾಮೆರಾದಿಂದ ಆಕಾಶಕ್ಕೆ, ಅಲ್ಲಿಂದ ಕೆಳಕ್ಕೆ ಬರುವ ಚಿತ್ರ ಅದು; ಮಳೆ ಜೋರಾದರೆ, ಕಾಡು ದಟ್ಟವಾದರೆ ತುಂಡಾಗುತ್ತದೆ. ಒಂದೇ ಬಣ್ಣದ ಅಂಗಿಯ ಎಂಟು ಒಂಬತ್ತು ಮಂದಿ, ಬೆನ್ನ ಮೇಲೆ ಅಂಗೈಯಗಲದ ಸಂಖ್ಯೆ, ಮುಖದ ಮೇಲೆ ಕಪ್ಪು ಕನ್ನಡಕ. ಮೊದಲಾದರೆ ಕೂದಲು, ಬೋಳು ತಲೆ ನೋಡಿಯಾದರೂ ಗುರುತು ಹಿಡಿಯಬಹುದಿತ್ತು. 2003ರ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಬಿದ್ದು ಕಜಕಿಸ್ತಾನದ ಆಂದ್ರೆ ಕಿವಿಲೆವ್ ತೀರಿಕೊಂಡ ಮೇಲೆ ಹೆಲ್ಮೆಟ್ ಕಡ್ಡಾಯವಾಯಿತು. ಆಗಲೇಬೇಕಿತ್ತು; ಆದರೆ ವಿವರಣೆಗಾರರ ಪಾಲಿಗೆ ಆ ಸುಲಭದ ಗುರುತೂ ಹೋಯಿತು.

ಇನ್ನು ಡಫೀಲ್ಡ್ ಯಾರೆಂಬ ಮಾತು. ಊಟದ ಕಥೆ ಹೇಳಿ ಹೊಟ್ಟೆ ಹೊರೆದ ಮನುಷ್ಯ ಎಂಬಂತೆ ನಿಮ್ಮ ಪತ್ರ ಅವರನ್ನು ಕಾಣುತ್ತದೆ. ಬ್ರಿಟನ್ನಿನ ನೈರುತ್ಯದ ತುದಿ ಲ್ಯಾಂಡ್ಸ್ ಎಂಡ್‌ನಿಂದ ಸ್ಕಾಟ್ಲೆಂಡಿನ ಈಶಾನ್ಯದ ತುದಿ ಜಾನ್ ಓ ಗ್ರೋಟ್ಸ್‌ವರೆಗೆ ಸುಮಾರು 1,400 ಕಿಲೋಮೀಟರ್ ದಾರಿ. ಅದನ್ನು 1960ರಲ್ಲಿ, ಮೂರು ದಿನ ತುಂಬುವ ಮೊದಲೇ, ಅವರು ಕ್ರಮಿಸಿ ದಾಖಲೆ ಮಾಡಿದರು. ಅದೂ ತ್ರಿಚಕ್ರದ ಮೇಲೆ. ನಗಬೇಡಿ, ಇದು ಮಕ್ಕಳ ಆಟಿಕೆಯಲ್ಲ. ಬ್ರಿಟನ್ನಿನಲ್ಲಿ ರಸ್ತೆ ದಾಖಲೆಗಳನ್ನು ಕಾಯುವ ಸಂಘ 1888ರಲ್ಲೇ ಹುಟ್ಟಿತು. ಮೂರು ಚಕ್ರದ ದಾಖಲೆಗಳಿಗೆ ಅಲ್ಲಿ ಪ್ರತ್ಯೇಕ ಪಟ್ಟಿಯೇ ಇದೆ. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ತಾನೇ ಬಾಗುತ್ತದೆ. ತ್ರಿಚಕ್ರ ಬಾಗುವುದಿಲ್ಲ, ಸವಾರ ತನ್ನ ಮೈಯನ್ನೇ ತಿರುವಿನ ಒಳಬದಿಯ ಚಕ್ರದ ಮೇಲೆ ಎಸೆಯದಿದ್ದರೆ ಗಾಡಿ ಮಗುಚುತ್ತದೆ. ನೀರು ಹರಿದುಹೋಗಲೆಂದು ರಸ್ತೆಗೆ ಕೊಟ್ಟ ಇಳಿಜಾರು ಅದನ್ನು ಸದಾ ಬದಿಗೆ ಎಳೆಯುತ್ತಿರುತ್ತದೆ. ಅದರ ಮೇಲೆ ರಾತ್ರಿಗಳನ್ನು ಕಳೆದವನಿಗೆ ಹಸಿವೆಂದರೇನು, ದಣಿವೆಂದರೇನು ಎಂದು ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ಪ್ರೀತಿಯ ಗುಟ್ಟು ಇಲ್ಲಿದೆ ಎಂದು ನನ್ನ ಎಣಿಕೆ. ಅಭಿಮಾನಿಗಳು ಎಲ್ಲ ಬಗೆಯ ವಿಚಿತ್ರವನ್ನೂ ಮೆಚ್ಚುವುದಿಲ್ಲ. ಮೆಚ್ಚಿಸಲೆಂದು ವೇಷ ಹಾಕಿದವನನ್ನು ಎರಡೇ ದಿನದಲ್ಲಿ ಪತ್ತೆ ಹಚ್ಚುತ್ತಾರೆ. ರಸ್ತೆಯನ್ನು ಕಾಲಲ್ಲಿ ಅರಿತವನು ಅಡ್ಡದಾರಿ ಹಿಡಿದರೆ ಮಾತ್ರ ಹಿಂದೆ ಹೋಗುತ್ತಾರೆ. ಅಮೆರಿಕದ ವೀಕ್ಷಕರಿಗೆ ಪ್ರಿಯನಾದ ವಿವರಣೆಗಾರ ಬಾಬ್ ರೋಲ್ ಅವರನ್ನೇ ನೋಡಿ. ಟೂರ್‌ನ ಹೆಸರನ್ನು "ಟೂರ್ ಡೇ ಫ್ರಾನ್ಸ್" ಎಂದು ವರ್ಷಗಟ್ಟಲೆ ಹಟದಿಂದ ಉಚ್ಚರಿಸಿದವರು. ಕೈ ಬೀಸುತ್ತ, ಕಣ್ಣರಳಿಸಿ ಮಾತನಾಡುವವರು. ಫ್ರೆಂಚ್ ಬಲ್ಲವರು ಹಲ್ಲು ಕಚ್ಚುತ್ತಾರೆ, ಉಳಿದವರು ಅನುಕರಿಸುತ್ತಾರೆ. ಇದೇ ರೋಲ್ 1988ರ ಜೂನ್ 5ರಂದು ಟೂರ್‌ನಂತೆಯೇ ಮೂರು ವಾರ ನಡೆಯುವ ಇಟಲಿಯ ಜೀರೊ (ಜೀರೊ ಡಿ ಇಟಾಲಿಯಾ) ಸ್ಪರ್ಧೆಯಲ್ಲಿ, 2,600 ಮೀಟರ್ ಎತ್ತರದ ಗಾವಿಯಾ ಕಣಿವೆಮಾರ್ಗವನ್ನು ಹಿಮಪಾತದಲ್ಲಿ ದಾಟಿದವರು. ಅವರ ತಂಡದ ಆ್ಯಂಡಿ ಹ್ಯಾಂಪ್‌ಸ್ಟನ್ ಅಂದು ಒಟ್ಟು ಸಮಯದಲ್ಲಿ ಮೊದಲಿಗನಿಗೆ ಸಿಗುವ ಗುಲಾಬಿ ಅಂಗಿ ತೊಟ್ಟು, ಕೊನೆಗೆ ಜೀರೊ ಗೆದ್ದ ಮೊದಲ ಅಮೆರಿಕನ್ ಆದರು. ಮರಗಟ್ಟಿದ ಬೆರಳಿಂದ ಬ್ರೇಕ್ ಹಿಡಿದು ಆ ಇಳಿಜಾರು ಇಳಿದವನು ತಮಾಷೆ ಮಾಡಿದರೆ ಕೇಳುವವರ ಕಿವಿಗೆ ಅದು ಬೇರೆ ರೀತಿ ಬೀಳುತ್ತದೆ.

ಇಂಗ್ಲಿಷ್ ವಿವರಣೆಗಾರ ಪಾಲ್ ಶೆರ್ವೆನ್ ಅವರದೂ ಇದೇ ಕಥೆ. ಬಳಲಿದ ಸವಾರನೊಬ್ಬ ಮತ್ತೆ ವೇಗ ಹೆಚ್ಚಿಸಿದಾಗ ಅವರು "ಧೈರ್ಯದ ಸೂಟ್‌ಕೇಸನ್ನು ತೆರೆದ" ಎನ್ನುತ್ತಿದ್ದರು. ವಿಚಿತ್ರ ಉಪಮೆ, ಅಭಿಮಾನಿಗಳು ಅದಕ್ಕಾಗಿ ಕಾದು ಕೂರುತ್ತಿದ್ದರು, ಬಂದ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದರು. 1985ರ ಟೂರ್‌ನ ಒಂದು ಹಂತದಲ್ಲಿ ಶೆರ್ವೆನ್ ಆರಂಭದಲ್ಲೇ ಬಿದ್ದು, ಗುಂಪಿನಿಂದ ಕಳಚಿಕೊಂಡು, ಗಂಟೆಗಟ್ಟಲೆ ಹಿಂದೆ ಉಳಿದು ತುಳಿದರು. ವಿಜೇತ ಬಂದು ಒಂದು ಗಂಟೆಗೂ ಮೇಲಾದ ಬಳಿಕ, ಕಾಲಮಿತಿ ಮೀರಿ, ಗುರಿ ಸೇರಿದರು. ನಿಯಮದ ಪ್ರಕಾರ ಮನೆಗೆ ಹೋಗಬೇಕಿತ್ತು. ತೀರ್ಪುಗಾರರು ಆ ಛಲ ನೋಡಿ ಸ್ಪರ್ಧೆಯಲ್ಲಿ ಉಳಿಸಿಕೊಂಡರು. ಆ ಸೂಟ್‌ಕೇಸ್ ಅವರು ಸ್ವತಃ ಹೊತ್ತದ್ದು. 2018ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಆ ಉಪಮೆಯನ್ನು ಗೇಲಿ ಮಾಡಿದ್ದವರೂ ಅದೇ ಮಾತಿನಿಂದ ವಿದಾಯ ಹೇಳಿದರು.

ಡಫೀಲ್ಡ್ ಪಕ್ಕದಲ್ಲಿ ಕುಳಿತಿದ್ದ ಶಾನ್ ಕೆಲ್ಲಿಯನ್ನು ನೀವು ಪತ್ರದಲ್ಲಿ ಮರೆತಿದ್ದೀರಿ, ಇದು ನ್ಯಾಯವಲ್ಲ. ಐರ್ಲೆಂಡಿನ ಕೆಲ್ಲಿ ಪ್ಯಾರಿಸ್–ನೀಸ್ ಅನ್ನು 1982ರಿಂದ 1988ರವರೆಗೆ ಸತತ ಏಳು ಬಾರಿ ಗೆದ್ದವರು, ಟೂರ್‌ನ ಹಸಿರು ಅಂಗಿಯನ್ನು, ಅಂದರೆ ಅಂಕಗಳ ಲೆಕ್ಕದಲ್ಲಿ ಮೊದಲಿಗನಿಗೆ ಸಿಗುವ ಅಂಗಿಯನ್ನು, ನಾಲ್ಕು ಸಲ ಗೆದ್ದವರು. ಮಾತು ಮಾತ್ರ ಮುತ್ತು, ಅಂದರೆ ಅಷ್ಟೇ ಅಪರೂಪ. ರೇಡಿಯೊ ಸಂದರ್ಶನದಲ್ಲಿ ಪ್ರಶ್ನೆಗೆ ತಲೆಯಾಡಿಸಿ ಉತ್ತರ ಕೊಟ್ಟರೆಂಬ ಕಥೆ ಅವರ ಬಗ್ಗೆ ಚಾಲ್ತಿಯಲ್ಲಿದೆ. ಒಬ್ಬರು ನಿಲ್ಲಿಸುವುದೇ ಇಲ್ಲ, ಇನ್ನೊಬ್ಬರು ಆರಂಭಿಸುವುದೇ ಇಲ್ಲ. ಡಫೀಲ್ಡ್ ಊರು ಸುತ್ತಿ ಬರುವಷ್ಟರಲ್ಲಿ ಕೆಲ್ಲಿ ಒಣ ದನಿಯಲ್ಲಿ, ಹಿಂದಿನ ತಂಡಗಳು ಈಗ ಲೆಕ್ಕ ಹಾಕುತ್ತಿರಬೇಕು ಎಂದು ಒಂದು ಸಾಲು ಹೇಳುತ್ತಿದ್ದರು. ಆ ಸಾಲಿನಲ್ಲಿ ಸ್ಪರ್ಧೆಯ ಸ್ಥಿತಿಯೆಲ್ಲ ಇರುತ್ತಿತ್ತು. ಯಾರಾದರೂ ಗುಂಪಿನಿಂದ ಜಿಗಿದು ಹೊರಟರೆ ಡಫೀಲ್ಡ್ ವೈನಿನ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕೂಗಿಬಿಡುತ್ತಿದ್ದರು. ಆ ಕೂಗಿಗಾಗಿಯೇ ಜನ ಮೂರು ಗಂಟೆಯ ಕಥಾಕಾಲಕ್ಷೇಪವನ್ನು ಸಹಿಸಿದರು ಎಂದರೂ ತಪ್ಪಿಲ್ಲ. ತೂಕಡಿಸುತ್ತಿದ್ದವನು ದಡಬಡಿಸಿ ಏಳುವಂತಾಗಬೇಕಾದರೆ ಅದಕ್ಕೆ ಮೊದಲು ತೂಕಡಿಸಲು ಬಿಟ್ಟಿರಬೇಕಲ್ಲವೇ.

ನಿಮ್ಮ ಪತ್ರದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಒಂದು ಅಂಶವಿದೆ: ಪ್ರೀತಿ ಕಣ್ಣು ಮುಚ್ಚಿಸುತ್ತದೆ ಎಂಬುದು. ಆದರೆ ಅದಕ್ಕೆ ನೀವು ಕೊಟ್ಟ ಉದಾಹರಣೆ ತೀರಾ ಸಣ್ಣದು. ಊಟದ ಮಾತಿನಿಂದ ಯಾರಿಗೂ ನಷ್ಟವಾಗಲಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ 1999ರಿಂದ 2005ರವರೆಗಿನ ಏಳು ಟೂರ್ ಗೆಲುವುಗಳನ್ನು ಉದ್ದೀಪನ ಮದ್ದಿನ ಕಾರಣಕ್ಕೆ 2012ರಲ್ಲಿ ಅಳಿಸಲಾಯಿತು. ಆ ವರ್ಷಗಳ ಇಂಗ್ಲಿಷ್ ವಿವರಣೆಯನ್ನು ಈಗ ಕೇಳಿದರೆ ಸಂಶಯಕ್ಕೆ ಸಿಕ್ಕ ಜಾಗ ಎಷ್ಟು ಕಿರಿದಾಗಿತ್ತೆಂದು ಅಚ್ಚರಿಯಾಗುತ್ತದೆ. ಡೇವಿಡ್ ವಾಲ್ಶ್, ಪಾಲ್ ಕಿಮ್ಮೇಜ್ ಅವರಂಥ ಪತ್ರಕರ್ತರು ಪ್ರಶ್ನೆ ಕೇಳಿ ನಿಷ್ಠುರರಾದರು. ಅತ್ಯಂತ ಜನಪ್ರಿಯ ದನಿಯಾಗಿದ್ದ ಫಿಲ್ ಲಿಗೆಟ್ ಬಹುಕಾಲ ಆರ್ಮ್‌ಸ್ಟ್ರಾಂಗ್ ಪರವಾಗಿಯೇ ಮಾತನಾಡಿದರು. ಮನೆಯವರಂತಾದ ದನಿ ನಂಬಿದ್ದನ್ನು ಕೇಳುಗರೂ ನಂಬುತ್ತಾರೆ. ಡಫೀಲ್ಡ್ ಅವರ ವೈನಿಗೆ ಬೀಳುವ ಬೈಗುಳದ ಕಾಲುಭಾಗವಾದರೂ ಈ ಮೌನದ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು.

ಹಾಗೆಂದು ಲಿಗೆಟ್ ಅವರನ್ನು ಇದೊಂದರಿಂದಲೇ ಅಳೆಯಲಾರೆ. 1987ರ ಜುಲೈ, ಆಲ್ಪ್ಸ್‌ನ ಲಾ ಪ್ಲಾನ್ಯ ಏರು. ಒಟ್ಟು ಸಮಯದಲ್ಲಿ ಮೊದಲಿಗನಾಗಿ ಹಳದಿ ಅಂಗಿ ತೊಟ್ಟಿದ್ದ ಪೆದ್ರೊ ದೆಲ್ಗಾದೊ ಮುಂದೆ, ಅವರ ಎದುರಾಳಿ ಸ್ಟೀಫನ್ ರೋಶ್ ಎಲ್ಲೋ ಹಿಂದೆ. ಕ್ಯಾಮೆರಾಗಳು ದೆಲ್ಗಾದೊ ಬೆನ್ನು ಹತ್ತಿದ್ದರಿಂದ ರೋಶ್ ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. ದೆಲ್ಗಾದೊ ಗುರಿ ಮುಟ್ಟುವ ಹೊತ್ತಿಗೆ ತಿರುವಿನಿಂದ ಇನ್ನೊಂದು ಆಕೃತಿ ಬಂತು. ಯಾರಿದು ಬರುತ್ತಿರುವವರು, ರೋಶ್ ಇದ್ದಂತಿದೆಯಲ್ಲ ಎಂದು ಲಿಗೆಟ್ ದನಿ ಏರುತ್ತಲೇ ಹೋಯಿತು. ನಾಲ್ಕೇ ಸೆಕೆಂಡುಗಳ ಅಂತರ. ರೋಶ್ ಕುಸಿದರು, ಆಮ್ಲಜನಕ ಕೊಡಬೇಕಾಯಿತು. ಕೆಲವು ದಿನಗಳ ಬಳಿಕ 40 ಸೆಕೆಂಡುಗಳಿಂದ ಟೂರ್ ಗೆದ್ದರು. ಆ ಕ್ಷಣದಲ್ಲಿ ವಿವರಣೆಗಾರನಿಗೆ ತಿಳಿದಿದ್ದುದು ವೀಕ್ಷಕನಿಗೆ ತಿಳಿದಿದ್ದಷ್ಟೇ. ಗೊತ್ತಿದ್ದವನಂತೆ ನಟಿಸದೆ ಬೆರಗಾದರು. ಆ ಬೆರಗನ್ನು ಜನ ಇಂದಿಗೂ ಬಾಯಿಪಾಠವಾಗಿ ಹೇಳುತ್ತಾರೆ.

ಈಗಿನ ಪ್ರಸಾರದಲ್ಲಿ ಅಂತರ, ವೇಗ, ಏರಿನ ಕಡಿದಾದ ಪ್ರಮಾಣ ಎಲ್ಲವೂ ತೆರೆಯ ಅಂಚಿನಲ್ಲೇ ಮೂಡುತ್ತವೆ. ಮಾಹಿತಿಯೊಂದೇ ಬೇಕೆನ್ನುವವರಿಗೆ ವಿವರಣೆಗಾರರ ಅಗತ್ಯವೇ ಇಲ್ಲ. ಆದರೂ ಬಹುಪಾಲು ಜನ ಧ್ವನಿ ಮುಚ್ಚುವುದಿಲ್ಲ. ಐದು ಗಂಟೆ ಒಬ್ಬರೇ ಕೂತು ನೋಡುವ ಆಟಕ್ಕೆ ಜೊತೆಗಾರ ಬೇಕು. ಜೊತೆಗಾರನ ಆಯ್ಕೆಯಲ್ಲಿ ಪರಿಣತಿ ಎಷ್ಟು ಮುಖ್ಯವೋ ಸ್ವಭಾವವೂ ಅಷ್ಟೇ ಮುಖ್ಯ. ಡಫೀಲ್ಡ್ 2016ರಲ್ಲಿ ತೀರಿಕೊಂಡಾಗ ಅವರ ಊಟದ ಮಾತುಗಳನ್ನೇ ಜನ ಮೆಲುಕು ಹಾಕಿದ್ದು ಇದೇ ಕಾರಣಕ್ಕೆ.

ಭಕ್ತಮಂಡಳಿಯ ಪ್ರಶ್ನೆಗೆ ಉತ್ತರ: ಸದಸ್ಯನಲ್ಲ, ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವವನು. ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಹೀಗೆ. ಮೊದಲು ಲಾ ಪ್ಲಾನ್ಯದ ಕಡೆಯ ಕಿಲೋಮೀಟರನ್ನು ಲಿಗೆಟ್ ದನಿಯಲ್ಲಿ ಕೇಳಿ. ಆಮೇಲೆ ಡಫೀಲ್ಡ್ ಮತ್ತು ಕೆಲ್ಲಿ ಜೊತೆಗಿರುವ ಯಾವುದಾದರೂ ಸಮತಟ್ಟಿನ ಹಂತವನ್ನು ಹುಡುಕಿ. ಹತ್ತು ನಿಮಿಷದ ತುಣುಕು ಬೇಡ, ಎರಡು ಮೂರು ಗಂಟೆಯ ಮುದ್ರಿಕೆಯೇ ಆಗಲಿ. ಕೆಲ್ಲಿ ಬಾಯಿ ತೆರೆದಾಗಲೆಲ್ಲ ಕಿವಿ ನಿಮಿರಿಸಿ, ಉಳಿದ ಹೊತ್ತು ಬೇಕಾದರೆ ಬೇರೆ ಕೆಲಸ ಮಾಡಿಕೊಳ್ಳಿ. ಅಷ್ಟಾದ ಮೇಲೂ ಡಫೀಲ್ಡ್ ಸಹನೆಗೆ ಮೀರಿದವರೆನಿಸಿದರೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ