ಓದುಗರ ಪ್ರಶ್ನೆ: ನ್ಯೂಜಿಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಳೆಯ ಪ್ರಯಾಣ

ಪ್ರಶ್ನೆ: ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ವೆಸ್ಟ್‌ಪೋರ್ಟ್‌ನಿಂದ ವನಾಕಾವರೆಗೆ ಕಾರಿನಲ್ಲಿ ಹೋಗುವ ಯೋಚನೆಯಿದೆ. ನಮಗೆ ಬಿಡುವಿರುವುದು ಅಕ್ಟೋಬರ್‌ನಲ್ಲಿ. ಅಲ್ಲಿ ಸದಾ ಮಳೆ ಎಂದು ಕೇಳಿ ಮನೆಯವರು ಹಿಂಜರಿಯುತ್ತಿದ್ದಾರೆ. ಪ್ರವಾಸವನ್ನು ಮುಂದೂಡುವುದು ಒಳ್ಳೆಯದೇ?

ಉತ್ತರ: ಮುಂದೂಡಬೇಡಿ. ಅಕ್ಟೋಬರ್ ಅಲ್ಲಿ ವಸಂತಕಾಲ, ಮಳೆ ಹೆಚ್ಚಾಗಿ ಸುರಿಯುವ ಕಾಲ ಎಂಬುದು ನಿಜ. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿಯೇ ಆ ಕರಾವಳಿಯ ಆಕಾಶ ಹೆಚ್ಚು ತಿಳಿಯಾಗಿರುತ್ತದೆ. ಆದರೆ ಮಳೆಯನ್ನು ಸಂಪೂರ್ಣ ತಪ್ಪಿಸಿಕೊಂಡು ನೋಡಬೇಕೆನ್ನುವವರಿಗೆ ಆ ಕರಾವಳಿ ಅರ್ಧ ಮಾತ್ರ ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಲವತ್ತು ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗೆ ವರ್ಷವಿಡೀ ಬೀಸುವ ಪಶ್ಚಿಮ ಮಾರುತಗಳು ಟಾಸ್ಮನ್ ಸಮುದ್ರದ ತೇವವನ್ನು ಹೊತ್ತು ತಂದು, ಕರಾವಳಿಯ ಬೆನ್ನಿಗೇ ಎದ್ದು ನಿಂತಿರುವ ಸದರ್ನ್ ಆಲ್ಪ್ಸ್ ಶ್ರೇಣಿಗೆ ಬಡಿಯುತ್ತವೆ. ಸಹ್ಯಾದ್ರಿಯ ಮಳೆಯನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಡಲತಡಿಯ ಹೋಕಿಟಿಕಾ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 2,900 ಮಿಲಿಮೀಟರ್ ಮಳೆಯಾದರೆ, ಅದರ ಹಿಂದಿನ ಬೆಟ್ಟಗಳೊಳಗಿನ ಕ್ರಾಪ್ ನದಿಯ ಕಣಿವೆಯಲ್ಲಿ 11,000 ಮಿಲಿಮೀಟರ್ ದಾಟುತ್ತದೆ. ಶ್ರೇಣಿಯ ಆಚೆ ಬದಿಯ ಕ್ರೈಸ್ಟ್‌ಚರ್ಚ್‌ಗೆ ಸಿಗುವುದು ಸುಮಾರು 600 ಮಿಲಿಮೀಟರ್ ಮಾತ್ರ. ನಿಮ್ಮ ಮನೆಯವರಿಗೆ ಸಮಾಧಾನವಾಗುವ ಸಂಗತಿಯೂ ಒಂದಿದೆ. ಅಲ್ಲಿ ದಿನಗಟ್ಟಲೆ ಜಿನುಗುವ ಜಡಿಮಳೆಗಿಂತ ರಭಸವಾಗಿ ಸುರಿದು ತೆರವಾಗುವ ಮಳೆಯೇ ಹೆಚ್ಚು. ಅಷ್ಟು ಮಳೆ ಬಿದ್ದೂ ಹೋಕಿಟಿಕಾಕ್ಕೆ ವರ್ಷದಲ್ಲಿ 1,800 ಗಂಟೆಗೂ ಮೀರಿ ಬಿಸಿಲು ಸಿಗುತ್ತದೆ. ರಿಮು, ಕಹಿಕಟೆಯಾ ಮರಗಳ ದಟ್ಟ ಕಾಡು ಸಮುದ್ರದ ಅಂಚಿನವರೆಗೂ ಇಳಿದು ಬಂದಿರುವುದು ಈ ನೀರಿನ ದೆಸೆಯಿಂದಲೇ. ಹಾಸ್ಟ್ ಘಾಟಿಯ ಬಂಡೆಗಳ ಮೇಲೆ, ಒಣ ದಿನಗಳಲ್ಲಿ ಬರೀ ಕಪ್ಪು ಗೆರೆಯಾಗಿರುವ ಕಡೆಗಳಲ್ಲಿ, ಜೋರು ಮಳೆ ಬಿದ್ದೊಡನೆ ಜಲಪಾತಗಳು ಧುಮುಕತೊಡಗುತ್ತವೆ.

ಪ್ರಶ್ನೆ: ಒಟ್ಟು ದೂರ 560 ಕಿಲೋಮೀಟರ್ ಎಂದು ನಕ್ಷೆ ತೋರಿಸುತ್ತದೆ. ಮೂರು ರಾತ್ರಿಗಳ ವಸತಿಯನ್ನು ಮುಂಗಡವಾಗಿ ಕಾದಿರಿಸಿ, ನಾಲ್ಕನೆಯ ದಿನ ಸಂಜೆ ವಿಮಾನ ಹಿಡಿಯಬಹುದೇ?

ಉತ್ತರ: ದೂರದ ಲೆಕ್ಕದಲ್ಲಿ ಸಾಕು, ಮಳೆಯ ಲೆಕ್ಕದಲ್ಲಿ ಸಾಲದು. ಈ ಕರಾವಳಿಗೆ ಉದ್ದಕ್ಕೂ ಇರುವುದು ಆರನೆಯ ರಾಷ್ಟ್ರೀಯ ಹೆದ್ದಾರಿ ಒಂದೇ. ಹಾಸ್ಟ್ ಮತ್ತು ಪರಿಂಗಾ ನಡುವಿನ ಕೊನೆಯ ತುಂಡು ಪೂರ್ಣಗೊಂಡು ದಾರಿ ಕೂಡಿಕೊಂಡದ್ದೇ 1965ರಲ್ಲಿ ಎಂದರೆ ಆ ನೆಲ ಎಷ್ಟು ದುರ್ಗಮವೆಂದು ಊಹಿಸಬಹುದು. ಪೂರ್ವದ ಬಯಲಿನಿಂದ ಅಲ್ಲಿಗೆ ಇಳಿಯಲು ಲೂಯಿಸ್, ಆರ್ಥರ್ಸ್ ಮತ್ತು ಹಾಸ್ಟ್ ಎಂಬ ಮೂರು ಘಾಟಿಗಳಿವೆ. ಉತ್ತರದಲ್ಲಿ ಬುಲ್ಲರ್ ನದಿಯ ಕಂದರದ ರಸ್ತೆಯಿದೆ. ಇವುಗಳ ನಡುವೆ ಎಲ್ಲಿಯಾದರೂ ಸೇತುವೆ ಹೋದರೆ ಪಕ್ಕದ ದಾರಿ ಎಂಬುದಿಲ್ಲ.

2019ರ ಮಾರ್ಚ್‌ನಲ್ಲಿ ಆದದ್ದು ಅದೇ. ಭಾರೀ ಮಳೆಗೆ ಉಕ್ಕಿದ ವೈಹೊ ನದಿ ಫ್ರಾನ್ಜ್ ಜೋಸೆಫ್ ಊರಿನ ಪಕ್ಕದ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಹೊಸ ಸೇತುವೆಯನ್ನು 18 ದಿನಗಳಲ್ಲಿ ಕಟ್ಟಿ ಮುಗಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಅಷ್ಟು ದಿನವೂ ಕೇವಲ 25 ಕಿಲೋಮೀಟರ್ ಆಚೆಗಿನ ಫಾಕ್ಸ್ ಊರನ್ನು ರಸ್ತೆಯಲ್ಲಿ ತಲುಪಬೇಕಾದವರು ಪರ್ವತಶ್ರೇಣಿಯನ್ನು ದಾಟಿ, ಆಚೆ ಬದಿಯಿಂದ ನೂರಾರು ಕಿಲೋಮೀಟರ್ ಸುತ್ತಿ ಬರಬೇಕಾಗಿತ್ತು. ಎಲ್ಲ ಮಳೆಯೂ ಸೇತುವೆಯನ್ನು ಒಯ್ಯುವುದಿಲ್ಲ. ಆದರೂ ಬಂಡೆ ಉರುಳಿ, ಮರ ಬಿದ್ದು, ಅರ್ಧ ದಿನವೋ ಒಂದು ದಿನವೋ ರಸ್ತೆ ಮುಚ್ಚುವುದು ಅಲ್ಲಿ ಅಪರೂಪವಲ್ಲ. ಆದ್ದರಿಂದ ಕನಿಷ್ಠ ಐದು ರಾತ್ರಿಗಳನ್ನು ಇಟ್ಟುಕೊಳ್ಳಿ, ಅವುಗಳಲ್ಲಿ ಒಂದನ್ನಾದರೂ ಎಲ್ಲಿಯೂ ಕಾದಿರಿಸದೆ ಬಿಡಿ, ವಿಮಾನವನ್ನು ಮಾತ್ರ ಕಡೆಯ ದಿನಕ್ಕೆ ಒತ್ತಿ ಇಡಬೇಡಿ. ಪ್ರತಿದಿನ ಬೆಳಗ್ಗೆ ಹೊರಡುವ ಮುನ್ನ ಅಲ್ಲಿನ ಸಾರಿಗೆ ಸಂಸ್ಥೆಯ ರಸ್ತೆ ಮಾಹಿತಿಯನ್ನೂ ಹವಾಮಾನ ಸಂಸ್ಥೆಯಾದ ಮೆಟ್‌ಸರ್ವಿಸ್ ಪ್ರಕಟಿಸುವ ಮಳೆಯ ಎಚ್ಚರಿಕೆಯನ್ನೂ ನೋಡಿ. ಕೆಂಪು ಎಚ್ಚರಿಕೆ ಇದ್ದ ದಿನ ಇದ್ದಲ್ಲಿಯೇ ಇದ್ದುಬಿಡಿ.

ಪ್ರಶ್ನೆ: ವಾಹನ ಓಡಿಸುವಾಗ ವಿಶೇಷವಾಗಿ ಗಮನಿಸಬೇಕಾದದ್ದೇನು?

ಉತ್ತರ: ಅಲ್ಲಿಯೂ ರಸ್ತೆಯ ಎಡಬದಿಯಲ್ಲಿಯೇ ಓಡಿಸಬೇಕಾದ್ದರಿಂದ ಅರ್ಧ ಆತಂಕ ಕಳೆಯಿತು. ನಿಜವಾಗಿ ಕಲಿತುಕೊಂಡು ಹೋಗಬೇಕಾದದ್ದು ಒಂದೇ ಪಥದ ಸೇತುವೆಗಳ ನಿಯಮ. ಕೆಂಪು ಅಂಚಿನ ವೃತ್ತಾಕಾರದ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪು ಬಣ್ಣದಲ್ಲಿದ್ದರೆ ಎದುರಿನವರಿಗೆ ದಾರಿ ಬಿಟ್ಟು ನಿಲ್ಲಬೇಕು. ನೀಲಿ ಫಲಕದಲ್ಲಿ ನಿಮ್ಮ ದಿಕ್ಕಿನ ಬಿಳಿ ಬಾಣ ದೊಡ್ಡದಾಗಿದ್ದರೆ ಮೊದಲು ಹೋಗುವ ಹಕ್ಕು ನಿಮ್ಮದು. ಹಕ್ಕು ನಿಮ್ಮದಾದರೂ, ಮಳೆಯ ತೆರೆಯ ಹಿಂದೆ ಎದುರಿನ ವಾಹನ ಆಗಲೇ ಸೇತುವೆ ಏರಿದೆಯೇ ಎಂದು ನೋಡಿಯೇ ಮುಂದುವರಿಯಿರಿ. ಹಾಸ್ಟ್ ನದಿಯ ಸೇತುವೆಯ ಉದ್ದವೇ 737 ಮೀಟರ್. ಅದರ ಮೇಲೆ ಎದುರುಬದುರಾದ ವಾಹನಗಳಿಗೆ ಸರಿದುಕೊಳ್ಳಲೆಂದು ಅಲ್ಲಲ್ಲಿ ಅಗಲವಾದ ಜಾಗ ಬಿಟ್ಟಿದ್ದಾರೆ.

ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿಲೋಮೀಟರ್ ಎಂದಿದ್ದರೂ ಅದು ಮಿತಿಯೇ ಹೊರತು ಗುರಿಯಲ್ಲ. ತಿರುವುಗಳಲ್ಲಿ ಹಳದಿ ಫಲಕ ಸೂಚಿಸುವ ವೇಗ ಒಣ ರಸ್ತೆಗೆ ಹೇಳಿದ್ದು. ನೀರು ಹರಿಯುತ್ತಿದ್ದರೆ ಅದಕ್ಕಿಂತಲೂ ಕೆಳಗಿಳಿಸಿ. ಚಕ್ರ ನೀರಿನ ಮೇಲೆ ತೇಲಿದಂತಾಗಿ ಸ್ಟಿಯರಿಂಗ್ ಹಗುರವಾದರೆ ಬ್ರೇಕ್ ಒತ್ತದೆ, ಆಕ್ಸಲರೇಟರ್‌ನಿಂದ ಕಾಲು ತೆಗೆದು ನೇರವಾಗಿ ಹಿಡಿದುಕೊಳ್ಳಿ. ಬಾಡಿಗೆ ಕಾರನ್ನು ಪಡೆಯುವಾಗಲೇ ಟೈರುಗಳನ್ನು ಬಗ್ಗಿ ನೋಡಿ; ಅಲ್ಲಿನ ಕಾನೂನಿನಂತೆ ಗೀರಿನ ಆಳ ಕನಿಷ್ಠ 1.5 ಮಿಲಿಮೀಟರ್ ಇರಬೇಕು, ಆದರೆ ಇಂತಹ ಮಳೆಗೆ ಅದರ ಇಮ್ಮಡಿ ಇದ್ದರೂ ಹೆಚ್ಚೆನ್ನಲಾರೆ. ಫಾಕ್ಸ್ ಬಿಡುವ ಮೊದಲು ಪೆಟ್ರೋಲ್ ತುಂಬಿಸಿ, ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡಿರಿ. ಅಲ್ಲಿಂದ ಹಾಸ್ಟ್‌ವರೆಗಿನ 120 ಕಿಲೋಮೀಟರ್‌ನಲ್ಲಿ ಎರಡರ ಭರವಸೆಯೂ ಇಲ್ಲ.

ಪ್ರಶ್ನೆ: ಇಡೀ ದಿನ ಮಳೆ ಬಿಡದಿದ್ದರೆ ಏನು ನೋಡುವುದು?

ಉತ್ತರ: ಮೊದಲಿಗೆ ವೆಸ್ಟ್‌ಪೋರ್ಟ್‌ನ ದಕ್ಷಿಣಕ್ಕೆ ಕಡಲತಡಿಯಲ್ಲಿರುವ ಪುನಾಕೈಕಿ. ಪದರ ಪದರವಾಗಿ ಪೇರಿಸಿಟ್ಟಂತಿರುವ ಅಲ್ಲಿನ ಸುಣ್ಣಕಲ್ಲಿನ ಬಂಡೆಗಳು ಸುಮಾರು 3 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ರೂಪುಗೊಂಡವು. ಪಶ್ಚಿಮದ ಅಲೆಗಳು ಎದ್ದಿರುವ ದಿನ, ಭರತದ, ಅಂದರೆ ಕಡಲು ಉಬ್ಬುವ, ಹೊತ್ತಿಗೆ ಸರಿಯಾಗಿ ಹೋದರೆ, ನೀರು ಬಂಡೆಗಳ ಕೆಳಗಿನ ಪೊಟರೆಗಳಿಗೆ ನುಗ್ಗಿ ಬಿಲಗಳ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಕಾಲ ಕೆಳಗಿನ ನೆಲದಲ್ಲಿ ಅದರ ಗುದ್ದು ಮೊದಲು ತಿಳಿಯುತ್ತದೆ, ನೀರು ಕಾಣುವುದು ಆಮೇಲೆ. ಭರತದ ವೇಳೆಯನ್ನು ಹಿಂದಿನ ದಿನವೇ ನೋಡಿಟ್ಟುಕೊಂಡು ಆ ದಿನದ ಪ್ರಯಾಣವನ್ನೆಲ್ಲ ಅದರ ಸುತ್ತ ಹೊಂದಿಸಿಕೊಳ್ಳಿ, ಅಷ್ಟು ಬೆಲೆ ಅದಕ್ಕಿದೆ.

ಫ್ರಾನ್ಜ್ ಜೋಸೆಫ್, ಫಾಕ್ಸ್ ಊರುಗಳ ಬಳಿಯ ಹಿಮನದಿಗಳ ವಿಷಯದಲ್ಲಿ ಮಾತ್ರ ಆಸೆಯನ್ನು ಸಡಿಲವಾಗಿಟ್ಟುಕೊಳ್ಳಬೇಕು. ಮೋಡ ಇಳಿದರೆ ಹೆಲಿಕಾಪ್ಟರ್‌ಗಳು ಹಾರುವುದಿಲ್ಲ, ಜೋರು ಮಳೆಯಲ್ಲಿ ಕಣಿವೆಯ ಕಾಲುದಾರಿಗಳನ್ನೂ ಮುಚ್ಚುತ್ತಾರೆ. ಕಾದಿರಿಸದೆ ಬಿಟ್ಟ ಆ ಒಂದು ರಾತ್ರಿಯನ್ನು ಫ್ರಾನ್ಜ್ ಜೋಸೆಫ್ ಅಥವಾ ಫಾಕ್ಸ್‌ನಲ್ಲಿ ಬಳಸಿಕೊಂಡರೆ ಮಾರನೆಯ ಬೆಳಗ್ಗೆ ಇನ್ನೊಂದು ಅವಕಾಶ ಸಿಗುತ್ತದೆ. ಛತ್ರಿಯನ್ನು ಒಯ್ಯಬೇಡಿ, ಆ ಗಾಳಿಗೆ ಅದು ನಿಲ್ಲದು. ಟೊಪ್ಪಿಗೆಯಿರುವ ಒಳ್ಳೆಯ ಮಳೆಯಂಗಿಯೇ ಬೇಕು. ಮಳೆ ನಿಂತು ಗಾಳಿಯೂ ಅಡಗಿದೊಡನೆ ಕಚ್ಚಲು ಬರುವ ಸ್ಯಾಂಡ್‌ಫ್ಲೈ ಎಂಬ ಕಿರುನೊಣಗಳಿಗಾಗಿ ಮುಲಾಮೂ ಕೈಗೆ ಸಿಗುವಂತಿರಲಿ.